ಬುಧವಾರದ ಸೂಪಿನ ಸರದಿ

ಬೂದಿ ಬುಧವಾರದಂದು ಬೆಳಿಗ್ಗೆ ಏಳು ಗಂಟೆಯ ಆರಾಧನೆ ಮುಗಿಸಿ, ಹಣೆಯ ಮೇಲಿನ ಬೂದಿಯ ಶಿಲುಬೆಯನ್ನು ಅಳಿಸದೆ ಹಾಗೆಯೇ ಆಸ್ಪತ್ರೆಗೆ ಹೋಗುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಬ್ಬಳ್ಳಿ ಕಡೆಯ ಕಿರಿಯ ವೈದ್ಯರೊಬ್ಬರು ನನ್ನನ್ನು ಕಂಡು ಒಂದು ಕ್ಷಣ ತಡವರಿಸಿ, "ಮೇಡಂ, ವಿಭೂತಿ ಹಚ್ಕೊಂಡೀರೇನ್ರಿ?" ಎಂದು ಕೇಳಿದರು. ಹಿಂದಿನ ವರ್ಷದ ಗರಿಗಳ ಭಾನುವಾರ ಹಂಚಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಇದು, ನಾವು ಮಣ್ಣಿನಿಂದ ಬಂದವರು, ಮಣ್ಣಿಗೆ ಮರಳುವವರು ಎಂಬುದರ ನೆನಪಿಗೆ ಹಚ್ಚುತ್ತಾರೆ ಎಂದು ವಿವರಿಸಿದೆ. "ಹಂಗಾದ್ರ ಅರ್ಥ ಭಾಳ ದೂರ ಇಲ್ಲ ಬಿಡ್ರಿ" ಎಂದು ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ: "ಈ ಊರಾಗ ನಿಮಗ ಹೆಂಗ ಮನಸ್ಸು ನಿಂತಿತು?"

ಅಮೆರಿಕಕ್ಕೆ ಬರಬೇಕೆಂದಿರುವ ಯುವ ವೈದ್ಯರು ನನಗೆ ಆಗಾಗ ಪತ್ರ ಬರೆಯುತ್ತಾರೆ. ಪರೀಕ್ಷೆ, ವೀಸಾ, ಸಂಬಳ, ಮನೆ ಸಾಲ ಎಲ್ಲವನ್ನೂ ವಿಚಾರಿಸುತ್ತಾರೆ. ಮನಸ್ಸು ನಿಲ್ಲುವ ಬಗೆಯನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಆ ಕಿರಿಯರಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ.

ಊರಿನಲ್ಲಿ ಎಂ.ಬಿ.ಬಿ.ಎಸ್., ಎಂ.ಡಿ. ಮುಗಿಸಿ ಬಂದರೂ ಇಲ್ಲಿ ಮತ್ತೆ ಮೂರು ವರ್ಷ ರೆಸಿಡೆನ್ಸಿ ಮಾಡಲೇಬೇಕಾಯಿತು. ಜೆ-1 ವೀಸಾದ ಮೇಲೆ ತರಬೇತಿ ಪಡೆದ ವೈದ್ಯರು ಅದು ಮುಗಿದ ಬಳಿಕ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬುದು ನಿಯಮ. ಅದರಿಂದ ವಿನಾಯಿತಿ ಬೇಕಿದ್ದರೆ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಬೇಕು. ಇಂತಹ ವಿನಾಯಿತಿಗೆ ಒಂದೊಂದು ರಾಜ್ಯವೂ ವರ್ಷಕ್ಕೆ 30 ವೈದ್ಯರನ್ನು ಶಿಫಾರಸು ಮಾಡಬಹುದು. ಹಾಗೆ ನನ್ನ ಪಾಲಿಗೆ ಬಂದದ್ದು ಪಶ್ಚಿಮ ಪೆನ್ಸಿಲ್ವೇನಿಯಾದ ಒಂದು ಪುಟ್ಟ ಪಟ್ಟಣ. ಒಂದು ನದಿ, ಸುತ್ತ ಗುಡ್ಡಗಳು, ಬಾಗಿಲು ಮುಚ್ಚಿದ ಉಕ್ಕಿನ ಕಾರ್ಖಾನೆ, ವಯಸ್ಸಾದ ಜನ. ಮೂರು ವರ್ಷ ಕಳೆದೊಡನೆ ಹೊರಡುವುದೆಂದು ನಾನೂ ಪತಿಯೂ ನಿಶ್ಚಯಿಸಿದ್ದೆವು. ಇಪ್ಪತ್ತು ವರ್ಷಗಳ ಮೇಲಾಯಿತು, ಇಲ್ಲಿಯೇ ಇದ್ದೇವೆ.

ನಾನು ಉಡುಪಿಯವಳು. ಬಾಸೆಲ್ ಮಿಷನ್ ಕಾಲದಿಂದಲೂ ಇರುವ ಸಭೆಯೊಂದರಲ್ಲಿ ಬೆಳೆದವಳು. ಅದು ಇಂದು ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪಂಗಡಗಳು ಕೂಡಿ ಆದ ಸಭೆ ಅದು. ಈ ಪಟ್ಟಣದಲ್ಲಿ ನಮಗೆ ಹತ್ತಿರದ ನೆಂಟರೆಂದು ಸಿಕ್ಕಿದ್ದು ಎಪಿಸ್ಕೋಪಲ್ ಸಭೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು ಇದು. ಅಮೆರಿಕ ಸ್ವತಂತ್ರವಾದ ಮೇಲೆ ಇಲ್ಲಿನವರು ಇಂಗ್ಲೆಂಡಿನ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡುವಂತಿರಲಿಲ್ಲ. ಆದ್ದರಿಂದ ಇವರ ಮೊದಲ ಬಿಷಪ್ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋಗಿ ಅಭಿಷೇಕ ಪಡೆದು ಬಂದರು. ಇಂತಹ ಹಳೆಯ ಚರಿತ್ರೆಯಿದ್ದರೂ ನಮ್ಮ ದೇವಾಲಯದಲ್ಲಿ ಭಾನುವಾರ ಸೇರುವವರು ಮೂವತ್ತು ಮಂದಿಯೂ ಇಲ್ಲ. ಇರುವುದು ಒಬ್ಬರೇ ಪಾದ್ರಿ, ಅವರು ಮಹಿಳೆ. ಒಂಬತ್ತು ಗಂಟೆಗೆ ಇಲ್ಲಿ ಆರಾಧನೆ ನಡೆಸಿ, ಹನ್ನೊಂದಕ್ಕೆ ಪಕ್ಕದ ಊರಿನ ಇನ್ನೊಂದು ಸಭೆಗೆ ಕಾರಿನಲ್ಲಿ ಧಾವಿಸುತ್ತಾರೆ.

ಬೂದಿ ಬುಧವಾರದಿಂದ ಈಸ್ಟರ್‌ಗೆ ಮುಂಚಿನ ಶನಿವಾರದವರೆಗಿನ ಲೆಂಟ್ ಕಾಲದಲ್ಲಿ ಭಾನುವಾರಗಳನ್ನು ಬಿಟ್ಟು 40 ದಿನಗಳು. ವೇದಿಕೆಯ ಮೇಲೆ ಹೂವಿಲ್ಲ, ಬಟ್ಟೆಗಳೆಲ್ಲ ನೇರಳೆ ಬಣ್ಣ, ಹಾಡುಗಳಲ್ಲಿ ಹಲ್ಲೆಲೂಯ ಇಲ್ಲ. ಊರಿಗೆ ಊರೇ ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುತ್ತದೆ. ಕ್ಯಾಥೊಲಿಕ್ ಸಭೆಗಳಲ್ಲಿಯೂ ಸ್ವಯಂಸೇವಕ ಅಗ್ನಿಶಾಮಕ ದಳದ ಸಭಾಂಗಣಗಳಲ್ಲಿಯೂ 'ಫಿಶ್ ಫ್ರೈ' ನಡೆಯುತ್ತದೆ. ತಟ್ಟೆಯಿಂದ ಎರಡೂ ಕಡೆ ಹೊರಚಾಚಿದ ಕರಿದ ಮೀನಿನ ಚಿತ್ರವನ್ನು ಒಮ್ಮೆ ಅಮ್ಮನಿಗೆ ಕಳಿಸಿದ್ದೆ. "ಇದು ಉಪವಾಸವಾ ಮಾರಾಯ್ತಿ? ನಮ್ಮಲ್ಲಿ ಹಬ್ಬಕ್ಕೂ ಇಷ್ಟು ದೊಡ್ಡ ತುಂಡು ಹಾಕುವುದಿಲ್ಲ" ಎಂದಿದ್ದರು.

ನಮ್ಮ ಸಭೆಯ ಪಾಲಿಗೆ ಲೆಂಟ್ ಎಂದರೆ ಬುಧವಾರದ ಸೂಪ್. ಸಂಜೆ ನೆಲಮಾಳಿಗೆಯಲ್ಲಿ ಎಲ್ಲರೂ ಕೂಡಿ ಸೂಪು, ಬ್ರೆಡ್ಡು ಸೇವಿಸಿ, ಒಂದು ಗಂಟೆ ಓದು, ಚರ್ಚೆ, ಪ್ರಾರ್ಥನೆ ನಡೆಸುತ್ತೇವೆ. ಒಂದೊಂದು ವಾರ ಒಂದೊಂದು ಮನೆಯವರು ಸೂಪು ತರಬೇಕು. ಅದರ ಪಟ್ಟಿಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿರುತ್ತಾರೆ. ಮೊದಲ ವರ್ಷ ಎಲ್ಲರೂ ನಗುನಗುತ್ತಾ ಮಾತನಾಡಿಸಿದರು, ಎದ್ದು ಕುರ್ಚಿ ಕೊಟ್ಟರು, ನಮ್ಮ ಹಿರಿಯರು ಯಾವಾಗ ಕ್ರೈಸ್ತರಾದರು ಎಂದು ಕೇಳಿದರು. ಸರದಿಯ ಪಟ್ಟಿಯಲ್ಲಿ ಮಾತ್ರ ನಮ್ಮ ಹೆಸರಿರಲಿಲ್ಲ. ಡಾಕ್ಟರಿಗೆ ಬಿಡುವೆಲ್ಲಿ ಎಂದು ಅವರು ಭಾವಿಸಿದ್ದರು. ಮಳೆಗಾಲಕ್ಕೆ ಬಂದುಹೋಗುವ ನೆಂಟರಂತೆ ನಾನೂ ಸುಮ್ಮನೆ ಕುಳಿತು ಉಂಡೆ. ಆ ವರ್ಷ ನನಗಿದ್ದ ಒಂಟಿತನಕ್ಕೆ ಜನರು ಒರಟರೆಂಬುದು ಕಾರಣವಲ್ಲ. ನಾನು ಬಾರದಿದ್ದರೆ ಯಾರಿಗೂ ಏನೂ ಕಡಿಮೆಯಾಗುತ್ತಿರಲಿಲ್ಲ.

ಎರಡನೆಯ ವರ್ಷ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬ ಹಿರಿಯರು ಪೆನ್ಸಿಲ್ ಹಿಡಿದು ಬಂದು, "ನಿಮಗೆ ಯಾವ ಬುಧವಾರ?" ಎಂದು ಕೇಳಿದರು. ಬೇಕೇ, ಬೇಡವೇ ಎಂದು ಕೇಳಲಿಲ್ಲ. ಮೂರನೆಯ ಬುಧವಾರ ಎಂದೆ. ತೊಗರಿಬೇಳೆಯ ಸಾರನ್ನು ಖಾರ ತಗ್ಗಿಸಿ ದೊಡ್ಡ ಪಾತ್ರೆಯಲ್ಲಿ ಒಯ್ದೆ. ಲೆಂಟ್‌ಗೆ ಲೆಂಟಿಲ್ ಸೂಪ್ ಎಂದು ಆ ಹಿರಿಯರು ಹೇಳಿದ ಹಾಸ್ಯವನ್ನು ಅಂದಿನಿಂದ ಪ್ರತಿ ವರ್ಷ ತಪ್ಪದೆ ಕೇಳಿದ್ದೇನೆ. ನನ್ನ ಮನಸ್ಸು ಈ ಊರಿನಲ್ಲಿ ನಿಲ್ಲತೊಡಗಿದ್ದು ಗ್ರೀನ್ ಕಾರ್ಡ್ ಬಂದ ದಿನದಿಂದಲ್ಲ, ಆ ಪಟ್ಟಿಯಲ್ಲಿ ಹೆಸರು ಬಿದ್ದ ದಿನದಿಂದ.

ಪರದೇಶಕ್ಕೆ ಬಂದವರು ಮೊದಲು ಹುಡುಕುವುದು ತಮ್ಮವರನ್ನು. ಅದು ಸಹಜ, ಬೇಕಾದದ್ದೂ ಹೌದು. ಪಿಟ್ಸ್‌ಬರ್ಗ್ ಕಡೆಯ ಕನ್ನಡಿಗರ ಹಬ್ಬಗಳಿಗೆ ನಾವೂ ಹೋಗುತ್ತೇವೆ, ಮನೆಗೆ ಮರಳುವಾಗ ಮನಸ್ಸು ಹಗುರವಾಗಿರುತ್ತದೆ. ಆದರೆ ಆ ಕೂಟ ವರ್ಷಕ್ಕೆ ನಾಲ್ಕು ದಿನ. ಉಳಿದ ದಿನಗಳಲ್ಲಿ ನಾವು ಬದುಕುವುದು ಈ ಬೀದಿಯಲ್ಲಿ, ಈ ನೆರೆಯವರ ನಡುವೆ. ಇಲ್ಲಿ ನಮ್ಮನ್ನು ಉಪಚರಿಸುವವರು ಎಷ್ಟು ಮಂದಿ ಎಂಬುದಕ್ಕಿಂತ, ನಮ್ಮ ಕೈಕೆಲಸ ಯಾರಿಗೆ ಬೇಕಾಗಿದೆ ಎಂಬುದು ಮುಖ್ಯ ಎಂದು ನನ್ನ ಅಭಿಪ್ರಾಯ. ಅದಕ್ಕೆ ದೇವಾಲಯವೇ ಆಗಬೇಕೆಂದಿಲ್ಲ. ಅಗ್ನಿಶಾಮಕ ದಳ, ಗ್ರಂಥಾಲಯ, ಬಡವರಿಗೆ ದಿನಸಿ ಹಂಚುವ ಕೇಂದ್ರ, ಇವುಗಳಲ್ಲಿ ಯಾವುದೂ ಆಗಬಹುದು. ಆ ಹುಬ್ಬಳ್ಳಿಯ ವೈದ್ಯರು ಈಗ ಶನಿವಾರಗಳಂದು ದಿನಸಿ ಕೇಂದ್ರದಲ್ಲಿ ಪೆಟ್ಟಿಗೆ ಹೊರುತ್ತಾರೆ. ಅವರ ಮೂರು ವರ್ಷ ಮುಗಿದು ಬಹಳ ಕಾಲವಾಯಿತು.

ಈ ಮಾತಿನ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು 2020ರ ಲೆಂಟ್‌ನಲ್ಲಿ. ಆ ವರ್ಷ ಫೆಬ್ರವರಿ 26ರಂದು ಹಣೆಗೆ ಬೂದಿ ಹಚ್ಚಿಸಿಕೊಂಡೆವು. ಮಾರ್ಚ್ ನಡುವೆ ದೇವಾಲಯದ ಬಾಗಿಲು ಮುಚ್ಚಿತು. ತಿಂಗಳ ಕೊನೆಯ ವಾರದ ಹೊತ್ತಿಗೆ ಭಾರತಕ್ಕೆ ವಿಮಾನಗಳೂ ನಿಂತಿದ್ದವು. ಲೆಂಟ್‌ನ ಐದನೆಯ ವಾರ ಉಡುಪಿಯಲ್ಲಿ ಅಮ್ಮ ತೀರಿಕೊಂಡರು. ಮಣ್ಣು ಕೊಡುವುದನ್ನು ತಮ್ಮ ಫೋನಿನಲ್ಲಿ ತೋರಿಸಿದ. ಹತ್ತಿಪ್ಪತ್ತು ಜನರಿಗಿಂತ ಹೆಚ್ಚಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದೆ, ಹೋಗದಿರುವಂತಿರಲಿಲ್ಲ. ಸಂಜೆ ಮನೆಗೆ ಬಂದಾಗ ಜಗುಲಿಯ ಮೇಲೆ ಬಿಸಿ ಸೂಪಿನ ಪಾತ್ರೆ ಇತ್ತು. ಮರುದಿನವೂ ಇತ್ತು. ಬುಧವಾರದ ಕೂಟ ನಿಂತಿದ್ದರೂ ಅವರು ಫೋನಿನಲ್ಲೇ ಹೊಸ ಸರದಿ ಪಟ್ಟಿ ಮಾಡಿಕೊಂಡಿದ್ದರು. ಈಸ್ಟರ್‌ವರೆಗೂ ಅದು ನಡೆಯಿತು. ಪಾತ್ರೆಯ ಮುಚ್ಚಳದ ಮೇಲೆ ಚೀಟಿ ಅಂಟಿಸಿ, ಅಮ್ಮನ ಹೆಸರನ್ನು ತಪ್ಪು ಅಕ್ಷರಗಳಲ್ಲಿ ಬರೆದಿರುತ್ತಿದ್ದರು. ಆ ಚೀಟಿಗಳು ಇಂದಿಗೂ ನನ್ನ ಬಳಿ ಇವೆ.

ಇನ್ನೊಂದು ಮಾತನ್ನು ಊರಿನ ಬಂಧುಗಳಿಗೆ ಹೇಳಬೇಕು, ಅದು ಅಷ್ಟು ಹಿತವಾದುದಲ್ಲ. ಬಿಷಪರ ಅನುಮತಿ ಪಡೆದು, ಹಾಸಿಗೆ ಹಿಡಿದವರ ಮನೆಗಳಿಗೆ ಪವಿತ್ರ ಸಂಸ್ಕಾರದ ರೊಟ್ಟಿ, ದ್ರಾಕ್ಷಾರಸ ಒಯ್ಯುವ ಕೆಲಸವನ್ನು ನಾನು ಮಾಡುತ್ತೇನೆ. ಆ ಮನೆಗಳಲ್ಲಿ ಹೆಚ್ಚಿನವು ವೃದ್ಧ ತಾಯಂದಿರವು. ಮಕ್ಕಳು ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿದ್ದಾರೆ. ಕಾರ್ಖಾನೆ ಮುಚ್ಚಿದ ಮೇಲೆ ಹೋದವರು ಅವರು. ಬೇರೆಯವರ ತಾಯಿಯ ಕೈ ಹಿಡಿದು ಕುಳಿತಾಗಲೆಲ್ಲ, ನನ್ನ ಅಮ್ಮನ ಕೊನೆಯ ವರ್ಷಗಳಲ್ಲಿ ಔಷಧಿ ತಂದುಕೊಟ್ಟದ್ದು, ಭಾನುವಾರ ಕೈಹಿಡಿದು ದೇವಾಲಯಕ್ಕೆ ಕರೆದೊಯ್ದದ್ದು ನೆರೆಮನೆಯ ಹುಡುಗ ಎಂಬುದು ನೆನಪಾಗುತ್ತದೆ. ನನ್ನ ಸರದಿಯನ್ನು ಅಲ್ಲಿ ಅವನು ಪೂರೈಸಿದ. ಟೆಕ್ಸಾಸಿನ ಮಗನ ಸರದಿಯನ್ನು ಇಲ್ಲಿ ನಾನು ಪೂರೈಸುತ್ತಿದ್ದೇನೆ. ಲೆಕ್ಕ ಸರಿಹೋಯಿತೆಂದು ಹೇಳಲಾರೆ. ಹೊರಡುವವರು ಹಿಂದೆ ಬಿಟ್ಟುಬರುವ ಸರದಿಯನ್ನು ಯಾರಾದರೂ ಹೊರಲೇಬೇಕು. ಅದು ಯಾರೆಂದು ತಿಳಿದುಕೊಂಡು, ಅವರಿಗೆ ಋಣಿಯಾಗಿ ಹೊರಡಿ ಎಂದಷ್ಟೇ ಕಿರಿಯರಿಗೆ ನನ್ನ ಬಿನ್ನಹ.

ಈ ವರ್ಷ ನಮ್ಮ ಸಭೆಯ ಮುಂದೆ ಕಠಿಣ ಪ್ರಶ್ನೆಯಿದೆ. ಕಟ್ಟಡ ಬಿಸಿಮಾಡುವ ಬಾಯ್ಲರ್ ಹಳೆಯದಾಗಿ ಕೆಟ್ಟಿದೆ. ಹೊಸದಕ್ಕೆ ಕೊಟ್ಟರೆ ಪಾದ್ರಿಯವರ ಸಂಬಳಕ್ಕೆ ಹಣ ಸಾಲದು. ವೆಸ್ಟ್ರಿ ಎಂದು ಕರೆಯುವ ಆಡಳಿತ ಸಮಿತಿಯಲ್ಲಿ ನಾನೂ ಇದ್ದೇನೆ. ಪಕ್ಕದ ಊರಿನ ಸಭೆಯೊಡನೆ ಕೂಡಿಕೊಳ್ಳುವುದೇ ಸರಿಯೆಂದು ಕೆಲವರು, ಕೋಟು ತೊಟ್ಟಾದರೂ ಇಲ್ಲಿಯೇ ಕೂರುತ್ತೇವೆಂದು ಕೆಲವರು ವಾದಿಸುತ್ತಾರೆ. ಪಟ್ಟಿ ಹಿಡಿದು ಬಂದಿದ್ದ ಆ ಹಿರಿಯರು ಈಗಿಲ್ಲ. ಕೂಡಿಕೊಳ್ಳುವುದರ ಪರವಾಗಿ ನಾನು ಮತ ಹಾಕುವೆನೆಂದು ತೋರುತ್ತದೆ. ಗೋಡೆಗಳನ್ನು ಉಳಿಸಿಕೊಂಡು, ಮನೆಯಲ್ಲೇ ಉಳಿದ ವೃದ್ಧರ ಬಳಿಗೆ ಹೋಗಲು ಯಾರೂ ಇಲ್ಲದಂತಾದರೆ ಪ್ರಯೋಜನವಿಲ್ಲ. ಹಾಗೆಂದು ಹೇಳುವಾಗ ಗಂಟಲು ಕಟ್ಟುತ್ತದೆ ಎಂಬುದೂ ನಿಜ.

ತೀರ್ಮಾನ ಈಸ್ಟರ್ ಆದ ಮೇಲೆ. ಅಲ್ಲಿಯವರೆಗೆ ನೆಲಮಾಳಿಗೆಯಲ್ಲಿ ಎರಡು ವಿದ್ಯುತ್ ಹೀಟರ್ ಇಟ್ಟುಕೊಂಡು ಬುಧವಾರದ ಊಟ ನಡೆಸುತ್ತಿದ್ದೇವೆ. ಈಗ ಪೆನ್ಸಿಲ್ ಹಿಡಿದು ಪಟ್ಟಿ ಬರೆಯುವ ಕೆಲಸ ನನ್ನದು. ಹೋದ ತಿಂಗಳು ಫಿಲಿಪೀನ್ಸ್‌ನಿಂದ ಬಂದ ನರ್ಸೊಬ್ಬರು ಕೊನೆಯ ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು. ಅವರ ಬಳಿಗೆ ಹೋಗಿ, ನಿಮಗೆ ಯಾವ ಬುಧವಾರ ಎಂದು ಕೇಳಿದೆ. ನಾಲ್ಕನೆಯದು ಎಂದರು. ಬರೆದುಕೊಂಡೆ.