ನೂಲು ನಿಂತ ಊರಿನ ಪೇಟೆ

ದಾವಣಗೆರೆಯ ಓದುಗರೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘ ಪತ್ರವನ್ನು ಬರೆದಿದ್ದಾರೆ. ಅವರ ತಂದೆಯವರು ಅಲ್ಲಿನ ಹತ್ತಿಯ ಗಿರಣಿಯೊಂದರಲ್ಲಿ ಪಾಳಿಯ ಮೇಲೆ ದುಡಿದು, ಕೂಡಿಟ್ಟ ಹಣದಿಂದ ಹಳೆಯ ಪೇಟೆಯಲ್ಲಿ ಚಿಕ್ಕದೊಂದು ಕಟ್ಟಡವನ್ನು ಕೊಂಡವರು. ಕೆಳಗೆ ಜವಳಿ ಅಂಗಡಿ, ಮೇಲೆ ವಾಸದ ಮನೆ. ಗಿರಣಿ ನಿಂತು ದಶಕಗಳು ಕಳೆದವು. ಅಂಗಡಿ ಹೇಗೋ ನಡೆದಿದೆ. ಮೇಲಿನ ಮನೆಗೆ ಬೀಗ ಬಿದ್ದಿದೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಇದನ್ನು ಮಾರಿ ಹೊರಗಿನ ಬಡಾವಣೆಯಲ್ಲಿ ನಿವೇಶನ ತೆಗೆದುಕೊಳ್ಳಿ ಎಂಬುದು ಆ ಮಕ್ಕಳ ಒತ್ತಾಯ. ದುಡಿಮೆಯೇ ಬಿಟ್ಟುಹೋದ ಊರಿನ ಪೇಟೆಗೆ ಮತ್ತೆ ಜೀವ ಬರುವುದುಂಟೆ, ತಾವು ತಿಳಿದದ್ದನ್ನು ಬರೆಯಬೇಕು ಎಂದು ಅವರು ಕೇಳಿದ್ದಾರೆ.

ಈ ಪ್ರಶ್ನೆ ಅವರೊಬ್ಬರದಲ್ಲ. ಒಂದೇ ಉದ್ಯಮವನ್ನು ನಂಬಿ ಬೆಳೆದು, ಆ ಉದ್ಯಮ ಕೈಬಿಟ್ಟಾಗ ತಬ್ಬಿಬ್ಬಾದ ಊರುಗಳು ಲೋಕದಲ್ಲೆಲ್ಲ ಇವೆ. ಅವುಗಳಲ್ಲಿ ಒಂದು ಊರಿನ ಕಥೆಯನ್ನು ನಾವು ಬಹುಕಾಲದಿಂದ ಆಸ್ಥೆಯಿಂದ ಓದುತ್ತ ಬಂದಿದ್ದೇವೆ. ಅದೂ ಹತ್ತಿಯ ಗಿರಣಿಗಳ ಊರೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಲೋವೆಲ್ ಎಂಬ ನಗರ. ಜನಸಂಖ್ಯೆಯಲ್ಲಿ ದಾವಣಗೆರೆಗಿಂತ ಬಹಳ ಚಿಕ್ಕದು.

ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ವರ್ತಕನು 1810ರಿಂದ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದು ಅಲ್ಲಿನ ಯಂತ್ರಮಗ್ಗಗಳ ರಚನೆಯನ್ನು ಕಣ್ಣಿನಿಂದಲೇ ಕಲಿತು, ನೆನಪಿನಲ್ಲಿಟ್ಟುಕೊಂಡು ಬಂದನು. ಯಂತ್ರಗಳ ನಕ್ಷೆಯನ್ನು ಹೊರದೇಶಕ್ಕೆ ಒಯ್ಯಲು ಇಂಗ್ಲೆಂಡಿನ ಕಾನೂನು ಒಪ್ಪುತ್ತಿರಲಿಲ್ಲ. ಅವನು 1817ರಲ್ಲಿ ತೀರಿಕೊಂಡ ಮೇಲೆ ಅವನ ಪಾಲುದಾರರು ಮೆರಿಮ್ಯಾಕ್ ನದಿಯು 32 ಅಡಿ ಧುಮುಕುವ ತಾಣವನ್ನು ಹುಡುಕಿ, ಆ ನೀರಿನ ಬಲದಿಂದ ಗಿರಣಿಗಳನ್ನು ನಡೆಸಲು ಕಾಲುವೆಗಳನ್ನು ತೋಡಿಸಿದರು. 1823ರಲ್ಲಿ ಮೊದಲ ಬಟ್ಟೆ ಹೊರಬಂದಿತು. 1836ರ ಹೊತ್ತಿಗೆ ಅದು ನಗರವೆನಿಸಿತು. ಊರೊಳಗೆ ಹರಿಯುವ ಕಾಲುವೆಗಳ ಒಟ್ಟು ಉದ್ದ ಸುಮಾರು 9 ಕಿಲೋಮೀಟರ್. ಅವುಗಳ ದಡದಲ್ಲಿ ಐದಾರು ಅಂತಸ್ತಿನ ಕೆಂಪು ಇಟ್ಟಿಗೆಯ ಗಿರಣಿಗಳು ಸಾಲಾಗಿ ಎದ್ದವು.

ಈ ಗಿರಣಿಗಳಲ್ಲಿ ಮೊದಲು ದುಡಿದವರು ಸುತ್ತಲ ಹಳ್ಳಿಗಳ ರೈತರ ಹೆಣ್ಣುಮಕ್ಕಳು ಎಂಬುದನ್ನು ನಮ್ಮ ಸೋದರಿಯರು ಗಮನಿಸಬೇಕು. ಕಂಪನಿಯ ವಸತಿಗೃಹಗಳಲ್ಲಿದ್ದು, ದಿನಕ್ಕೆ 12-13 ಗಂಟೆ ಮಗ್ಗದ ಮುಂದೆ ನಿಂತ ಆ ಹುಡುಗಿಯರು ಕಥೆ ಕವಿತೆಗಳನ್ನು ಬರೆದು ತಮ್ಮದೇ ಮಾಸಪತ್ರಿಕೆಯನ್ನೂ ನಡೆಸಿದರು. ಕೂಲಿ ಕಡಿತವಾದಾಗ 1834ರಲ್ಲಿ, ವಸತಿಯ ದರ ಏರಿದಾಗ 1836ರಲ್ಲಿ ಕೆಲಸ ಬಿಟ್ಟು ಬೀದಿಗಿಳಿದರು. ಇನ್ನೊಂದು ಮಾತನ್ನು ಮರೆಮಾಚಬಾರದು. ಅಲ್ಲಿ ನೂಲಾದ ಹತ್ತಿಯು ದಕ್ಷಿಣದ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬೆಳೆದದ್ದು. ಇಂದು ಆ ಊರಿನ ವಸ್ತುಸಂಗ್ರಹಾಲಯವು ಈ ಸಂಗತಿಯನ್ನೂ ಹೇಳುತ್ತದೆಂಬುದು ನಮಗೆ ಸಮಾಧಾನ ತಂದ ವಿಷಯ.

ಇಳಿಗಾಲವು 1920ರ ದಶಕದಲ್ಲಿ ಆರಂಭವಾಯಿತು. ಹತ್ತಿ ಬೆಳೆಯುವ ದಕ್ಷಿಣದಲ್ಲಿ ಕೂಲಿ ಅಗ್ಗ, ಯಂತ್ರಗಳು ಹೊಸವು. ಬಂಡವಾಳವು ಅತ್ತ ಹರಿಯಿತು. 1950ರ ದಶಕದಲ್ಲಿ ದೊಡ್ಡ ಕಂಪನಿಗಳ ಪೈಕಿ ಉಳಿದವೂ ಬಾಗಿಲು ಹಾಕಿದವು. ಅದರ ಬೆನ್ನಿಗೇ ಇನ್ನೊಂದು ಪೆಟ್ಟು ಬಿತ್ತು. ಕಾರು, ಹೆದ್ದಾರಿ, ಹೊರವಲಯದ ಮಳಿಗೆಗಳು ಬಂದು ಪೇಟೆಯ ಗಿರಾಕಿಯನ್ನು ಸೆಳೆದುಕೊಂಡವು. 1920ರಲ್ಲಿ 1,12,759 ಇದ್ದ ಜನಸಂಖ್ಯೆ 1980ರ ವೇಳೆಗೆ 92,418ಕ್ಕೆ ಇಳಿಯಿತು. 1970ರ ದಶಕದ ನಡುವೆ ದುಡಿಯಬಲ್ಲ ನೂರು ಜನರಲ್ಲಿ 12ಕ್ಕೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ.

ಆಗ ಅಧಿಕಾರಸ್ಥರಿಗೆ ಹೊಳೆದ ಮದ್ದು ಕೆಡವುವುದು. ಊರಿನ ಮೊತ್ತಮೊದಲ ಗಿರಣಿಯಾದ ಮೆರಿಮ್ಯಾಕ್ ಕಂಪನಿಯ ಕಟ್ಟಡಗಳು 1960ರ ಆಸುಪಾಸಿನಲ್ಲಿ ನೆಲಸಮವಾದವು. 1966ರಲ್ಲಿ ಕಾರ್ಮಿಕರ ಸಾಲುಮನೆಗಳೂ ಹೋದವು. ಕಾಲುವೆಗಳನ್ನು ಹೂಳಿ ರಸ್ತೆ ಮಾಡೋಣವೆಂಬ ಮಾತೂ ಎದ್ದಿತು. ಖಾಲಿ ಜಾಗ ಸಿಕ್ಕರೆ ಹೊಸ ಉದ್ಯಮ ತಾನಾಗಿ ಓಡಿ ಬರುತ್ತದೆಂಬ ನಂಬಿಕೆ ಅಂದಿನದು. ಅಂಥ ನಂಬಿಕೆಯು ನಮ್ಮಲ್ಲಿ ಇಂದಿಗೂ ಬಲವಾಗಿದೆಯಲ್ಲವೆ?

ಈ ಹಂತದಲ್ಲಿ ಬೇರೆ ದಾರಿಯನ್ನು ತೋರಿಸಿದವರು ಒಬ್ಬ ಶಾಲಾ ಮೇಷ್ಟ್ರು ಎಂಬುದೇ ನಮಗೆ ಈ ಕಥೆಯ ಜೀವಾಳವಾಗಿ ಕಾಣುತ್ತದೆ. ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣತಜ್ಞರು ತಮ್ಮ ಮಕ್ಕಳನ್ನು ಗಮನಿಸಿದರು. ಐರಿಷ್, ಫ್ರೆಂಚ್-ಕೆನಡಿಯನ್, ಗ್ರೀಕ್, ಪೋರ್ಚುಗೀಸ್, ಪೋಲಿಷ್ ಮನೆತನಗಳ ಮಕ್ಕಳು ತಮ್ಮ ಊರೆಂದರೆ ನಾಚುತ್ತಿದ್ದರು, ತಮ್ಮ ತಂದೆತಾಯಿಯರ ಕೆಲಸವೆಂದರೆ ಇನ್ನಷ್ಟು ನಾಚುತ್ತಿದ್ದರು. ಊರನ್ನೇ ಪಾಠಶಾಲೆ ಮಾಡಬೇಕು, ಗಿರಣಿ, ಕಾಲುವೆ, ವಲಸೆ ಬಂದವರ ಅಡುಗೆ, ಹಾಡು, ಭಾಷೆ ಎಲ್ಲವೂ ಅಲ್ಲಿನ ಪಠ್ಯವಾಗಬೇಕು ಎಂಬುದು ಮೋಗನ್ನರ ವಿಚಾರ. ಮಗ್ಗದ ಧೂಳು ತುಂಬಿದ ಕಟ್ಟಡವನ್ನು ಯಾರು ಬಂದು ನೋಡಿಯಾರು ಎಂದು ಅನುಮಾನಿಸಿದವರು ಅಲ್ಲಿ ಕಡಮೆಯಿರಲಿಲ್ಲ.

ಈ ವಿಚಾರವನ್ನು ದೆಹಲಿಯಂಥ ದೂರದ ರಾಜಧಾನಿಯವರೆಗೆ, ಅಂದರೆ ವಾಷಿಂಗ್ಟನ್ನಿಗೆ, ಹೊತ್ತೊಯ್ದವರು ಪಾಲ್ ಸಾಂಗಸ್. ಲೋವೆಲ್ಲಿನಲ್ಲಿಯೇ ಬಟ್ಟೆ ತೊಳೆದುಕೊಡುವ ಅಂಗಡಿ ನಡೆಸುತ್ತಿದ್ದ ಗ್ರೀಕ್ ಮೂಲದ ಕುಟುಂಬದ ಮಗ. ನಗರಸಭೆಯ ಸದಸ್ಯರಾಗಿದ್ದು ಬಳಿಕ ಸಂಸತ್ತಿಗೆ ಹೋದವರು. ಅವರ ಪ್ರಯತ್ನದಿಂದ 1978ರ ಜೂನ್ 5ರಂದು ಲೋವೆಲ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಕಾನೂನು ಜಾರಿಯಾಯಿತು. ಉದ್ಯಾನವೆಂದರೆ ಬೇಲಿ ಹಾಕಿದ ತೋಟವಲ್ಲ. ಜನ ಬದುಕುತ್ತಿರುವ ಪೇಟೆಯೇ ಉದ್ಯಾನ. ಸರಕಾರ ಕೆಲವೇ ಕಟ್ಟಡಗಳನ್ನು ತನ್ನದಾಗಿಸಿಕೊಂಡಿತು. ಉಳಿದವು ಖಾಸಗಿಯವರ ಕೈಯಲ್ಲೇ ಉಳಿದವು. ಅವುಗಳ ಮುಂಭಾಗ, ಕಿಟಕಿ, ಇಟ್ಟಿಗೆಗಳನ್ನು ಹಳೆಯ ರೂಪದಲ್ಲಿ ದುರಸ್ತಿ ಮಾಡುವ ಮಾಲೀಕರಿಗೆ ಇದಕ್ಕೆಂದೇ ರಚಿತವಾದ ಆಯೋಗವು ಅನುದಾನವನ್ನೂ ಸಾಲವನ್ನೂ ಕೊಟ್ಟಿತು. ಇದರ ಜೊತೆಗೆ ಐತಿಹಾಸಿಕ ಕಟ್ಟಡವನ್ನು ದುರಸ್ತಿಗೊಳಿಸಿ ಬಳಕೆಗೆ ತಂದವನಿಗೆ, ಆದ ಖರ್ಚಿನ ಶೇ. 25ರಷ್ಟನ್ನು ಕೇಂದ್ರದ ತೆರಿಗೆಯಲ್ಲಿ ಬಿಟ್ಟುಕೊಡುವ ಶಾಸನ 1981ರಲ್ಲಿ ಬಂದಿತು. 1986ರಲ್ಲಿ ಅದನ್ನು ಶೇ. 20ಕ್ಕೆ ಇಳಿಸಿದರು. ಕೆಡವುವುದಕ್ಕಿಂತ ಉಳಿಸುವುದೇ ಲಾಭವೆಂದು ಲೆಕ್ಕದ ಪುಸ್ತಕ ಹೇಳತೊಡಗಿದಾಗ ಕಟ್ಟಡಗಳು ಉಳಿದವು. ಪರಂಪರೆಯ ಮೇಲಿನ ಭಾಷಣಗಳಿಂದ ಉಳಿಯಲಿಲ್ಲ. ಭಾಷಣ ಮಾಡುವವರಲ್ಲಿ ನಾವೂ ಒಬ್ಬರಾದ್ದರಿಂದ ಇದನ್ನು ಧೈರ್ಯವಾಗಿ ಹೇಳಬಹುದು.

ಬೂಟ್ ಗಿರಣಿಯಲ್ಲಿ 1992ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿನ ಕೋಣೆಯಲ್ಲಿ 88 ಮಗ್ಗಗಳನ್ನಿಟ್ಟು ನಿಜವಾಗಿಯೂ ನೇಯಿಸಿ ತೋರಿಸುವ ವ್ಯವಸ್ಥೆಯಾಯಿತು. ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಆ ಸದ್ದಿನಲ್ಲಿ ನಿಂತಾಗಲೇ ಅಜ್ಜಿಯ ದುಡಿಮೆ ಏನೆಂಬುದು ಮೊಮ್ಮಗಳಿಗೆ ತಿಳಿಯುವುದು. ಬೇರೆ ಗಿರಣಿಗಳ ಅಂತಸ್ತುಗಳು ವಾಸದ ಮನೆಗಳಾದವು. 1990ರಿಂದ ಪ್ರತಿ ಜುಲೈ ಕೊನೆಯಲ್ಲಿ ಪೇಟೆಯ ಬೀದಿಗಳಲ್ಲೇ ಜಾನಪದ ಉತ್ಸವ ನಡೆಯುವ ಪದ್ಧತಿ ಬಂದಿತು. ಅದಕ್ಕೆ ಪ್ರವೇಶ ಶುಲ್ಕವಿಲ್ಲ.

ಈ ನಡುವೆ ಊರು ಒಂದು ಹಳೆಯ ತಪ್ಪನ್ನೇ ಮತ್ತೆ ಮಾಡಿತು. ವಾಂಗ್ ಎಂಬ ಕಂಪ್ಯೂಟರ್ ಕಂಪನಿಯು ಅಲ್ಲಿ ನೆಲೆಯೂರಿ ಸುಮಾರು 6 ಕೋಟಿ ಡಾಲರ್ ವೆಚ್ಚದಲ್ಲಿ ಗೋಪುರದಂಥ ಕಚೇರಿಗಳನ್ನು ಕಟ್ಟಿತು. ಪತ್ರಿಕೆಗಳು ಇದನ್ನು ಪವಾಡವೆಂದು ಕೊಂಡಾಡಿದವು. 1992ರಲ್ಲಿ ಕಂಪನಿ ದಿವಾಳಿಯಾಯಿತು. 1994ರಲ್ಲಿ ಆ ಗೋಪುರಗಳು ಹರಾಜಿನಲ್ಲಿ ಕೇವಲ 5,25,000 ಡಾಲರಿಗೆ ಹೋದವು. ಹತ್ತಿಯನ್ನೇ ನಂಬಿ ಬಿದ್ದ ಊರು ಕಂಪ್ಯೂಟರನ್ನೇ ನಂಬಿ ಮತ್ತೆ ಬಿದ್ದಿತು. ಆದರೆ ಎರಡನೆಯ ಸಲ ಪೂರ್ತಿ ಮಲಗಲಿಲ್ಲ. ಆ ಹೊತ್ತಿಗೆ ಊರಿನಲ್ಲಿ ಇನ್ನೂ ನಾಲ್ಕು ಬಗೆಯ ಬದುಕು ಬೇರುಬಿಟ್ಟಿದ್ದವು.

ಅವುಗಳಲ್ಲಿ ದೊಡ್ಡದು ಯಾವ ಯೋಜನೆಯಲ್ಲೂ ಬರೆದಿರದಂಥದು. ಕಾಂಬೋಡಿಯದ ನರಮೇಧದಿಂದ ಪಾರಾದ ಸಾವಿರಾರು ನಿರಾಶ್ರಿತರು 1980ರ ದಶಕದಲ್ಲಿ ಲೋವೆಲ್ಲಿಗೆ ಬಂದು, ಬೇರೆಯವರು ಬಿಟ್ಟುಹೋದ ಮನೆಗಳಲ್ಲಿ ನೆಲೆಸಿ, ಬೀಗ ಬಿದ್ದ ಅಂಗಡಿಗಳನ್ನು ತೆರೆದರು. ಅಮೆರಿಕದಲ್ಲಿ ಕಾಂಬೋಡಿಯನ್ನರು ಅತಿ ಹೆಚ್ಚಾಗಿರುವ ನಗರಗಳಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಬಿಟ್ಟರೆ ಇದೇ. 2022ರ ಜನವರಿಯಲ್ಲಿ ಆ ಸಮುದಾಯದ ಸೊಖಾರಿ ಚಾವ್ ಎಂಬವರು ನಗರದ ಮೇಯರ್ ಆದರು. ಇನ್ನೊಂದು ಬೇರು ವಿಶ್ವವಿದ್ಯಾಲಯ. 2009ರಲ್ಲಿ ಅದು ಪೇಟೆಯ ನಡುವಿನ ಹೋಟೆಲೊಂದನ್ನು ಕೊಂಡು ವಿದ್ಯಾರ್ಥಿಗಳ ವಸತಿಗೆ ಬಳಸಿತು. ಸಂಜೆ ಐದಕ್ಕೆ ಬರಿದಾಗುತ್ತಿದ್ದ ಬೀದಿಯಲ್ಲಿ ರಾತ್ರಿಯೂ ಕಾಲುಸದ್ದು ಕೇಳುವಂತಾಯಿತು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 1,15,554. ನೂರು ವರ್ಷಗಳ ಹಿಂದಿನ ಸಂಖ್ಯೆಯನ್ನು ಅದು ದಾಟಿತು.

ಹಾಗೆಂದು ಎಲ್ಲವೂ ಸರಿಹೋಯಿತೆಂದು ನಾವು ಬರೆದರೆ ಸುಳ್ಳಾದೀತು. ಹಿಂದಿನ ದೊಡ್ಡ ಜವಳಿ ಮಳಿಗೆಗಳು ಮರಳಲಿಲ್ಲ. ಬಡತನ ಹೋಗಲಿಲ್ಲ. ಬಾಸ್ಟನ್ನಿನ ಬಾಡಿಗೆ ಏರಿದಂತೆಲ್ಲ ಇಲ್ಲಿನದೂ ಏರುತ್ತದೆ. ಚಂದಗೊಳಿಸಿದ ಗಿರಣಿಯಲ್ಲಿ ಗಿರಣಿ ಕಾರ್ಮಿಕನ ಮೊಮ್ಮಗನಿಗೆ ಬಾಡಿಗೆ ಕಟ್ಟಲು ಸಾಧ್ಯವೆ ಎಂಬುದು ಕೇಳಬೇಕಾದ ಪ್ರಶ್ನೆ.

ಇನ್ನು ದಾವಣಗೆರೆ. ಕಪ್ಪು ಮಣ್ಣಿನ ಹತ್ತಿ, ವರ್ತಕರ ಸಾಹಸ, ರೈಲುದಾರಿ ಇವು ಕೂಡಿ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದವು. ಹಳತಾದ ಯಂತ್ರ, ವಿದ್ಯುತ್ ಮಗ್ಗಗಳ ಪೈಪೋಟಿ ಇವು ಕೂಡಿ ಆ ಹೆಸರನ್ನು ಹಳೆಯ ಮಾತಾಗಿಸಿದವು. ಡಿ.ಸಿ.ಎಂ. ಎಂದರೆ ಇಂದಿನ ಮಕ್ಕಳಿಗೆ ಒಂದು ಬಡಾವಣೆ. ಅದು ದಾವಣಗೆರೆ ಕಾಟನ್ ಮಿಲ್ಸ್ ಎಂಬುದನ್ನು ಅಜ್ಜಂದಿರೇ ಬಿಡಿಸಿ ಹೇಳಬೇಕು. ಆದರೆ ಗಿರಣಿಗಳು ನಿಲ್ಲುವ ಮೊದಲೇ ಈ ಊರು ಇನ್ನೊಂದು ಬೇರನ್ನು ಬಿಟ್ಟಿತ್ತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು. 1997ರಲ್ಲಿ ಜಿಲ್ಲಾ ಕೇಂದ್ರದ ಪಟ್ಟ. ಆದ್ದರಿಂದ ಊರು ಬೀಳಲಿಲ್ಲ. ಪೇಟೆಯಿಂದ ಹೊರಗೆ ಸರಿಯಿತು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿಯೊಡನೆ ದಾವಣಗೆರೆಯೂ ಇದ್ದಿತು. 2025ರ ಮಾರ್ಚಿಗೆ ಆ ಯೋಜನೆಯ ಅವಧಿಯೂ ಮುಗಿಯಿತು.

ಲೋವೆಲ್ಲಿನ ಪೇಟೆ ಬರಿದಾಗಿತ್ತು. ನಮ್ಮ ಪೇಟೆಗಳು ಬರಿದಾಗಿಲ್ಲ, ಉಸಿರು ಕಟ್ಟಿವೆ. ಹಗಲು ಸರಕು, ಗಾಡಿ, ಹಮಾಲರ ಕೂಗು. ರಾತ್ರಿ ಮೇಲಿನ ಕಿಟಕಿಗಳಲ್ಲಿ ದೀಪವಿಲ್ಲ. ವಾಸದ ಮನೆಗಳು ಗೋದಾಮುಗಳಾದರೆ ಪೇಟೆ ಬರಿಯ ಸಂತೆಯಾಗುತ್ತದೆ. ಮಕ್ಕಳಿಲ್ಲ, ಮುದುಕರಿಲ್ಲ, ಚರಂಡಿ ಕಟ್ಟಿದರೆ ಪುರಸಭೆಯವರನ್ನು ಕೂಗಿ ಕರೆಯುವವರಿಲ್ಲ.

ಆದಕಾರಣ ಪತ್ರ ಬರೆದ ಮಹನೀಯರಿಗೆ ನಮ್ಮ ಅಭಿಪ್ರಾಯವಿಷ್ಟು. ಮಾರುವ ಮೊದಲು ಮೇಲಿನ ಮನೆಯ ಬೀಗ ತೆಗೆಯಿರಿ. ಛಾವಣಿ ಸೋರುತ್ತಿದ್ದರೆ ಈ ಬೇಸಗೆಯಲ್ಲೇ ದುರಸ್ತಿ ಮಾಡಿಸಿರಿ. ಮುಚ್ಚಿದ ಮನೆ ಬಳಸುವ ಮನೆಗಿಂತ ಬೇಗ ಹಾಳಾಗುತ್ತದೆ. ತಮ್ಮ ಊರಿನಲ್ಲಿ ಓದುವ ಮಕ್ಕಳಿಗೆ, ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಿಗೆ ಬಾಡಿಗೆ ಮನೆ ಬೇಕಾಗಿಯೇ ಇರುತ್ತದೆ. ಖಾತೆಯ ಕಾಗದಪತ್ರಗಳು ತಂದೆಯವರ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿರಿ. ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವರು ಮನೆಯಲ್ಲಿ ಯಾರೂ ಇಲ್ಲವೆಂದಾದರೆ ಮಾರುವುದು ಅಪರಾಧವೇನಲ್ಲ. ಆಗ ಹತ್ತು ಸಾವಿರ ಹೆಚ್ಚು ಕೊಡುವ ಗೋದಾಮಿನವನಿಗಿಂತ, ಅಲ್ಲಿ ಹೆಂಡತಿ ಮಕ್ಕಳೊಡನೆ ವಾಸಮಾಡುವ ವ್ಯಾಪಾರಿಗೆ ಕೊಡುವುದು ಲೇಸು. ತಂದೆಯವರ ಗಿರಣಿಯ ಹಾಜರಿ ಚೀಟಿ, ಭಾವಚಿತ್ರ ಏನಾದರೂ ಉಳಿದಿದ್ದರೆ ಅದನ್ನು ರದ್ದಿಗೆ ಹಾಕಬೇಡಿರಿ. ಮೋಗನ್ನರಂಥ ಮೇಷ್ಟ್ರೊಬ್ಬರು ತಮ್ಮ ಊರಿನಲ್ಲೂ ಅದನ್ನು ಹುಡುಕಿಕೊಂಡು ಬಂದಾರು.

ಭದ್ರಾವತಿಯ ಓದುಗರಿಂದಲೂ ಇಂಥದೇ ಪ್ರಶ್ನೆ ಬಂದಿದೆ. 1923ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಸಂಗತಿ ಬೇರೆಯೇ ತೂಕದ್ದು. ಅದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.