ಸಂಜೆ ಆರರ ಮೇಲೆ

ಮಾವಿನಹಣ್ಣನ್ನು ಮೂಸಿ, ಒತ್ತಿ ನೋಡಿ ಕೊಳ್ಳುವ ನಾವು ಮಕ್ಕಳ ವಿಶ್ವವಿದ್ಯಾನಿಲಯವನ್ನು ಮಾತ್ರ ಪಟ್ಟಿ ನೋಡಿ ಆರಿಸುತ್ತೇವೆ. ಇದು ಸೋಜಿಗವಲ್ಲವೆ?

ನಮ್ಮ ಅಕ್ಕನ ಮಗಳಿಗೆ ಈ ಸಾರಿ ಎಂ.ಎ.ಗೆ ಎರಡು ಕಡೆ ಸ್ಥಳ ಸಿಕ್ಕಿತು. ಮುಂಬಯಿ ವಿಶ್ವವಿದ್ಯಾನಿಲಯ ಒಂದು, ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾನಿಲಯ ಇನ್ನೊಂದು. ಭಾವನವರು ಸರಕಾರದ ಎನ್.ಐ.ಆರ್.ಎಫ್. ಪಟ್ಟಿಯನ್ನು ಹಿಡಿದು ಕುಳಿತರು. ಹುಡುಗಿ ಕೇಳಿದ್ದು ಬೇರೆ: “ಮಾಮಾ, ಅಲ್ಲಿಯವರು ಸಂಜೆ ಆರರ ಮೇಲೆ ಏನು ಮಾಡ್ತಾರೆ?”

“ಓದೋಕೆ ಹೋಗ್ತೀಯೋ, ಹರಟೆ ಹೊಡೆಯೋಕೋ?” ಎಂದು ಭಾವನವರು ರೇಗಿದರು.

ನಾವು ಹುಡುಗಿಯ ಪಕ್ಷ ವಹಿಸಿದೆವು. ನಾವು ಬಿ.ಎ. ಮಾಡಿದ ಕಾಲೇಜನ್ನು ಆರಿಸಿದ್ದು ಮನೆಗೆ ಹತ್ತಿರ, ಫೀಜು ಕಡಿಮೆ ಎಂಬ ಎರಡೇ ಕಾರಣಕ್ಕೆ. ಗಂಟೆ ಹೊಡೆದೊಡನೆ ರೈಲಿಗೆ ಓಟ. ಮೂರು ವರ್ಷ ಪಕ್ಕದಲ್ಲಿ ಕುಳಿತವನ ಊರು ಯಾವುದೆಂದು ತಿಳಿದದ್ದು ಫಲಿತಾಂಶದ ದಿನ. ಪದವಿ ಬಂತು; ಸ್ನೇಹಿತರು ಬರಲಿಲ್ಲ.

ಪಟ್ಟಿ ಸುಳ್ಳೆಂದಲ್ಲ. 2016ರಿಂದ ಪ್ರಕಟವಾಗುತ್ತಿರುವ ಅದು ಬೋಧನೆ, ಸಂಶೋಧನೆ ಮೊದಲಾದ ಐದು ಬಾಬುಗಳಲ್ಲಿ ಅಳೆಯುತ್ತದೆ. ಜ್ವರ ಬಂದ ರಾತ್ರಿ ಗಂಜಿ ತಂದುಕೊಡುವವರು ಯಾರು ಎಂಬ ಬಾಬು ಅದರಲ್ಲಿಲ್ಲ. ಅದನ್ನು ನಾವೇ ವಿಚಾರಿಸಬೇಕು.

ವಿಚಾರಿಸಿದೆವು. ಮುಂಬಯಿಯದು 1857ರಲ್ಲಿ ಹುಟ್ಟಿದ್ದು. ಕಲೀನಾದಲ್ಲಿ ಪಾಠ ಮುಗಿದರೆ ಬಹುಮಂದಿ ಲೋಕಲ್ ಹಿಡಿಯುತ್ತಾರೆ. ಅಲ್ಲಿ ಕನ್ನಡ ವಿಭಾಗವುಂಟು. ನಾಟಕ, ಉಪನ್ಯಾಸ ಊರ ತುಂಬ ಉಂಟು. ಆದರೆ ಗೆಳೆತನವನ್ನು ರೈಲಿನ ವೇಳೆಗೆ ಹೊಂದಿಸಿಕೊಳ್ಳಬೇಕು. ಹೈದರಾಬಾದಿನದು 1974ರಲ್ಲಿ ಸ್ಥಾಪನೆಯಾಗಿ, ಮೊದಲು ಸರೋಜಿನಿ ನಾಯ್ಡು ಅವರ ಮನೆಯಲ್ಲಿ ನಡೆದು, ಬಳಿಕ ಗಚ್ಚಿಬೌಲಿಯ ಬಂಡೆ, ಕೆರೆಗಳ ನಡುವೆ ನೆಲೆಸಿತು. ಹಾಸ್ಟೆಲಿನವರೇ ಬಹಳ, ಪಾಠ ಮುಗಿದ ಮೇಲೂ ಮಂದಿ ಅಲ್ಲೇ. ಜೊತೆಗೆ ಜನವುಂಟು, ನಿಜ. ಆದರೆ ಯಾರೊಡನೆಯಾದರೂ ಮನಸ್ಸು ಕೆಟ್ಟರೆ ಸಂಜೆಗೆ ಅಮ್ಮನ ಮನೆಯಿಲ್ಲ.

ನೋಡಲು ಹೋಗುವವರಿಗೆ ಒಂದು ಅರಿಕೆ. ಉತ್ಸವದ ದಿನ ಹೋಗಬೇಡಿ; ಮದುವೆ ಚಪ್ಪರ ನೋಡಿ ಸಂಸಾರ ಅಳೆಯಲಾಗದು. ಸಾಧಾರಣ ಮಂಗಳವಾರ ಹೋಗಿ. ಮೆಸ್ಸಿನಲ್ಲಿ ಒಂಟಿಯಾಗಿ ಉಣ್ಣುವವರು ಎಷ್ಟು ಮಂದಿ? ಒಂದೊಂದು ಭಾಷೆಯವರು ಒಂದೊಂದು ಮೇಜು ಹಿಡಿದಿದ್ದಾರೆಯೆ? ಹುಡುಗಿಯರ ಹಾಸ್ಟೆಲಿನ ಬಾಗಿಲು ಹುಡುಗರದಕ್ಕಿಂತ ಮೊದಲು ಮುಚ್ಚುತ್ತದೆಯೆ? 2009ರ ಯು.ಜಿ.ಸಿ. ನಿಯಮದಂತೆ ರ‍್ಯಾಗಿಂಗ್ ತಡೆಯುವ ಸಮಿತಿ ಎಲ್ಲೆಡೆ ಇರಬೇಕು. ಅದರಲ್ಲಿ ಯಾರಿದ್ದಾರೆಂದು ವಿದ್ಯಾರ್ಥಿಗಳಿಗೆ ಗೊತ್ತಿದೆಯೆ? ಇವನ್ನೆಲ್ಲ ಎರಡನೆಯ ವರ್ಷದವರನ್ನು ಕೇಳಿ. ಮೊದಲ ವರ್ಷದವರಿಗೆ ಇನ್ನೂ ಬೆರಗು. ಕಚೇರಿಯವರು ಕಾಗದದಲ್ಲಿದ್ದದ್ದನ್ನು ಹೇಳುತ್ತಾರೆ. ಗುಮಾಸ್ತರಾದ ನಮಗೆ ಇದು ಚೆನ್ನಾಗಿ ಗೊತ್ತು.

ಅಕ್ಕ ಮಗಳನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿಬಂದಳು. ಊಟದ ಹೊತ್ತಿನಲ್ಲಿ ಒಡಿಶಾದ ಹುಡುಗಿಯೊಬ್ಬಳು ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳಂತೆ; ಕೇಳದೆಯೇ ಉಪ್ಪಿನಕಾಯಿ ಬಡಿಸಿದಳಂತೆ. ಹುಡುಗಿಯ ತೀರ್ಮಾನ ಅಲ್ಲೇ ಆಯಿತು.

ಭಾವನವರು ಪಟ್ಟಿಯನ್ನು ಮಡಿಸಿಟ್ಟರು. “ಅವಳಿಗೇನೋ ಆರರ ಮೇಲೆ ಜನ ಸಿಕ್ಕರು. ಇನ್ನು ನಮಗೆ?” ಎಂದರು. ಮೊದಲ ದಿನದ ಸಿಟ್ಟು ಎಲ್ಲಿಂದ ಬಂದದ್ದೆಂದು ನಮಗೆ ಆಗ ಹೊಳೆಯಿತು.

“ಭಾನುವಾರ ಸಂಘದ ಕಡೆ ಬನ್ನಿ ಭಾವ,” ಎಂದೆವು.