ಕೋಡಿ ಸರ್ಕಲ್‌ನಲ್ಲಿ ಪಾರ್ಕಿಂಗ್ ಬೇಡ

ವರ್ತೂರು ಕೋಡಿ ಸರ್ಕಲ್‌ನಲ್ಲಿ ಅಂಗಡಿಗಳ ಮುಂದೆ ಕಾರು, ಬೈಕು ನಿಂತಿದ್ದರೆ ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ. ನಾವು ಇಳಿಯುವುದು ನುಗ್ಗಿ ಬರುವ ಬೈಕುಗಳ ಎದುರಿಗೆ. ಜಂಕ್ಷನ್ ಅಂಚಿನಿಂದ 50 ಮೀಟರ್‌ವರೆಗೆ ವಾಹನ ನಿಲ್ಲಿಸಬಾರದೆಂದು ಕೇಂದ್ರ ಸರ್ಕಾರದ 2017ರ ವಾಹನ ಚಾಲನಾ ನಿಯಮಗಳೇ ಹೇಳುತ್ತವೆ. ಹೊಸ ಕಾನೂನು ಬೇಕಿಲ್ಲ, ಒಂದು ಬೋರ್ಡು, ಒಬ್ಬ ಪೊಲೀಸ್ ಬೇಕು.

"ಪಾರ್ಕಿಂಗ್ ಇಲ್ಲದಿದ್ದರೆ ವ್ಯಾಪಾರ ಬಿದ್ದುಹೋಗುತ್ತದೆ" ಎನ್ನುತ್ತಾರೆ ಅಬ್ಬಾ. ಅವರದೂ ಅಂಗಡಿಯೇ. ಆದರೆ ಬೆಳಿಗ್ಗೆ ಬಿಟ್ಟು ಸಂಜೆ ತೆಗೆಯುವ ಕಾರಿನಿಂದ ಯಾವ ಗಿರಾಕಿ ಬಂದ? ಮಾರಾಟವಾಗದೆ ಜಾಗ ಹಿಡಿದ ಸ್ಟಾಕಿನ ಹಾಗೆ ಅದು (ಕಾಮರ್ಸ್‌ನವರಿಗೆ ಬೇರೆ ಉದಾಹರಣೆ ಹೊಳೆಯುವುದಿಲ್ಲ!). ಅಬ್ಬಾ ಕೇಳಿದ ಇನ್ನೊಂದು ಪ್ರಶ್ನೆ ಮಾತ್ರ ನ್ಯಾಯವಾದದ್ದು: ಸಾಮಾನು ಇಳಿಸುವ ಟೆಂಪೋ ಎಲ್ಲಿ ನಿಲ್ಲಬೇಕು? ಬಸ್ಸುಗಳು ತುಂಬುವ ಮೊದಲು, ಬೆಳಿಗ್ಗೆ 7ರವರೆಗೆ, ಅದಕ್ಕೆ ಸ್ವಲ್ಪ ದೂರದಲ್ಲಿ ಜಾಗ ಗುರುತಿಸಿ ಕೊಡಲಿ.